ಬ್ಯಾಪ್ಟಿಸ್ಟ್ ಬಡಿಸಿದ್ದನ್ನು ಮುಟ್ಟದ ಬೆಕ್ಕು

ಉಡುಪಿ ಬಳಿಯ ಕೆಮ್ಮಣ್ಣು ಊರಿನ ಬ್ಯಾಪ್ಟಿಸ್ಟ್ ಲೂವಿಸರಿಗೆ ಕುಳಿತು ಉಣ್ಣುವ ಅಭ್ಯಾಸವೇ ಇರಲಿಲ್ಲ. ಮೀಸೆ ಮೂಡುವ ಮೊದಲೇ ಮುಂಬಯಿಗೆ ಹೋಗಿ ಹೋಟೆಲೊಂದರಲ್ಲಿ ಪಾತ್ರೆ ತೊಳೆದವರು. ಅಲ್ಲಿಂದ ಸರಕು ಹಡಗಿನ ಅಡುಗೆಮನೆ ಸೇರಿದರು. ಕೊನೆಗೆ ಕುವೈತಿನ ಮರಳುಗಾಡಿನ ಕಾರ್ಮಿಕರ ಕ್ಯಾಂಪೊಂದರಲ್ಲಿ ದೊಡ್ಡ ಅಡುಗೆಯವರಾಗಿ ಬೇರು ಬಿಟ್ಟರು. ಮಲಯಾಳಿ, ಬಿಹಾರಿ, ಫಿಲಿಪಿನೊ, ಈಜಿಪ್ಟಿನವ, ಹೀಗೆ ಊರಿಗೊಂದು ನಾಲಗೆ. ಎಲ್ಲ ನಾಲಗೆಗಳಿಗೂ ಬ್ಯಾಪ್ಟಿಸ್ಟರ ಬಳಿ ಉತ್ತರ ಇತ್ತು. ಬಡಿಸುವಾಗ ಸಾಲಿನ ಪಕ್ಕ ನಿಂತು ಒಬ್ಬೊಬ್ಬರ ಮುಖ ನೋಡುತ್ತಿದ್ದರು. ಮುಖ ಅರಳಿದರೆ ಅದೇ ಅವರ ಊಟ. ತಮ್ಮ ತಟ್ಟೆಯನ್ನು ಯಾವುದಾದರೂ ಫ್ರಿಜ್ಜಿನ ಮೇಲಿಟ್ಟು ಓಡಾಡುತ್ತಲೇ ನಾಲ್ಕು ತುತ್ತು ತಿಂದು ಮುಗಿಸುತ್ತಿದ್ದರು.

ಅಂಥವರು ಅರವತ್ತು ದಾಟಿದ ಮೇಲೆ ಊರಿಗೆ ಮರಳಿದರು. ಮನೆ ಇತ್ತು, ತೆಂಗಿನ ತೋಟ ಇತ್ತು, ತೋಟದ ಹಿಂದೆ ಸ್ವರ್ಣಾ ನದಿಯ ಹಿನ್ನೀರು ಇತ್ತು. ಹೆಂಡತಿ ಎಸ್ತರ್ ಮನೆಯ ಜಗಲಿಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು, ಇಷ್ಟು ವರ್ಷ ಒಬ್ಬಳೇ ಸಂಸಾರ ತೂಗಿಸಿ, ಮಗಳು ಡೈನಾಳನ್ನು ಓದಿಸಿ ನರ್ಸ್ ಮಾಡಿದ್ದಳು. ಗಂಡ ಬಂದದ್ದು ಅವಳಿಗೆ ಸಂತೋಷವೇ. ಆದರೆ ಬಂದವರು ನಿಂತಲ್ಲಿ ನಿಲ್ಲುವವರಲ್ಲ. ಬೆಳಿಗ್ಗೆ ಚಾ ಕುಡಿದು ಗೇಟಿನ ತನಕ ಹೋಗುವರು, ಮರಳಿ ಬರುವರು, ಅಡುಗೆಮನೆಯ ಡಬ್ಬಿಗಳನ್ನೆಲ್ಲ ಬೇರೆ ಸಾಲಿನಲ್ಲಿ ಜೋಡಿಸುವರು. ಸ್ಕೂಟರ್ ಹತ್ತಿ ಸಂತೆಕಟ್ಟೆಗೆ ಹೋಗಿ, ತರಬೇಕಾದದ್ದನ್ನು ಬಿಟ್ಟು ಬೇರೇನನ್ನೋ ತರುವರು. ಇಬ್ಬರಿಗೆ ಅಡುಗೆ ಮಾಡಲು ಹೊರಟರೆ ಇಪ್ಪತ್ತು ಜನಕ್ಕಾಗುತ್ತಿತ್ತು. ಅಕ್ಕಪಕ್ಕದ ಮನೆಯವರು ಪಾತ್ರೆ ಹಿಂದಿರುಗಿಸಲು ಬಂದಾಗಲೆಲ್ಲ ಮತ್ತೊಂದು ಪಾತ್ರೆ ಹೊತ್ತು ಹೋಗಬೇಕಾಗುತ್ತಿತ್ತು.

"ಒಂದು ಕಡೆ ಕುಳಿತುಕೊಳ್ಳಿ ನೋಡುವ. ನನಗೆ ತಲೆ ತಿರುಗುತ್ತದೆ" ಎಂದು ಎಸ್ತರ್ ಯಂತ್ರದಿಂದ ತಲೆ ಎತ್ತದೆ ಹೇಳುತ್ತಿದ್ದಳು.

"ಕುಳಿತು ಎಂತ ಮಾಡುವುದು?"

ಅವರು ನಿಜವಾಗಿಯೂ ಕೇಳಿದ ಪ್ರಶ್ನೆ ಅದು.

ಹೀಗಿರುವಾಗ ಒಂದು ಭಾನುವಾರ ಚರ್ಚಿನ ಪೂಜೆ ಮುಗಿಯುವ ಹೊತ್ತಿಗೆ ಡೈನಾ ಮಣಿಪಾಲದಿಂದ ಬಂದಳು. ಕೈಯಲ್ಲಿ ಮುಚ್ಚಳವಿದ್ದ ಬುಟ್ಟಿ. ಬುಟ್ಟಿಯೊಳಗೆ ಬೂದಿ ಬಣ್ಣದ, ಒಂದು ಕಿವಿಯ ತುದಿ ಹರಿದ ಹೆಣ್ಣು ಬೆಕ್ಕು. ಆಸ್ಪತ್ರೆಯ ವಾಹನ ನಿಲ್ಲಿಸುವ ಜಾಗದಲ್ಲಿ ಸಿಕ್ಕಿದ ಮರಿಯನ್ನು ಬಾಡಿಗೆ ಕೋಣೆಯಲ್ಲಿ ಸಾಕಿ ದೊಡ್ಡದು ಮಾಡಿದ್ದಳು. ಹೆಸರು ಕ್ಲಾರಾ. ಈಗ ಆ ಮನೆಯ ಮಾಲೀಕರು ಮನೆ ಮಾರಿದ್ದರಿಂದ ಡೈನಾ ಹಾಸ್ಟೆಲಿಗೆ ಹೋಗಬೇಕಾಗಿತ್ತು. ಅಲ್ಲಿ ಪ್ರಾಣಿಗಳಿಗೆ ಜಾಗ ಇಲ್ಲ.

"ಸ್ವಲ್ಪ ದಿನ ಮಾತ್ರ, ಮಮ್ಮಿ. ಬೇರೆ ಮನೆ ಸಿಕ್ಕಿದ ಕೂಡಲೇ ಕರೆದುಕೊಂಡು ಹೋಗುತ್ತೇನೆ" ಎಂದಳು ಡೈನಾ. "ತಿನ್ನುವುದರಲ್ಲಿ ಸ್ವಲ್ಪ ತಕರಾರು ಉಂಟು. ಈ ಪ್ಯಾಕೆಟಿನದ್ದು ಮಾತ್ರ ತಿನ್ನುತ್ತದೆ."

ಬ್ಯಾಪ್ಟಿಸ್ಟ್ ಪ್ಯಾಕೆಟನ್ನು ತೆರೆದು ಮೂಸಿದರು. ಕಂದು ಬಣ್ಣದ ಒಣ ಕಾಳುಗಳು. "ಇದಾ? ಪಾಪ! ಮೀನಿನ ಊರಿಗೆ ಬಂದ ಬೆಕ್ಕಿಗೆ ಇದನ್ನು ಹಾಕುವುದಾ? ನೀನು ಚಿಂತೆ ಮಾಡಬೇಡ, ನಾನು ಇದ್ದೇನೆ ಅಲ್ವಾ."

ಡೈನಾ ಪ್ಯಾಕೆಟಿನ ಬಾಯಿ ಮಡಚಿ ಮೇಜಿನ ಮೇಲಿಟ್ಟಳು.

ಮೊದಲ ದಿನ ಕ್ಲಾರಾ ಮಂಚದ ಕೆಳಗಿನಿಂದ ಹೊರಬರಲಿಲ್ಲ. ಪ್ಯಾಕೆಟಿನ ಕಾಳನ್ನು ಇಟ್ಟರೂ ಮುಟ್ಟಲಿಲ್ಲ. ಮರುದಿನ ಬ್ಯಾಪ್ಟಿಸ್ಟ್ ಬಂಗುಡೆ ಬೇಯಿಸಿ, ಮುಳ್ಳು ಬಿಡಿಸಿ, ಸ್ಟೀಲ್ ಬಟ್ಟಲಲ್ಲಿ ಹಾಕಿ ಮಂಚದ ಮುಂದಿಟ್ಟು ಕಾದರು. ಬೆಕ್ಕು ಹೊರಬಂತು. ಬಟ್ಟಲ ಸುತ್ತ ಒಂದು ಸುತ್ತು ಹಾಕಿತು, ಮೂಸಿತು. ಆಮೇಲೆ ಮುಂದಿನ ಕಾಲಿನಿಂದ ನೆಲವನ್ನು ಪರಪರ ಕೆರೆಯತೊಡಗಿತು. ಬೆಕ್ಕುಗಳು ತಮ್ಮ ಹೇಸಿಗೆಯ ಮೇಲೆ ಮಣ್ಣೆಳೆದು ಮುಚ್ಚುವ ಹಾಗೆ.

ಜಗಲಿಯಿಂದ ನೋಡುತ್ತಿದ್ದ ಎಸ್ತರ್ ನಕ್ಕುಬಿಟ್ಟಳು. ಬ್ಯಾಪ್ಟಿಸ್ಟರು ನಗಲಿಲ್ಲ. ಅಷ್ಟು ವರ್ಷ ಅಡುಗೆ ಮಾಡಿದವರ ಎದುರು ಒಬ್ಬನೂ ಹೀಗೆ ಮಾಡಿರಲಿಲ್ಲ.

ಅಂದಿನಿಂದ ಅವರಿಗೆ ಬೇರೆ ಯೋಚನೆಯೇ ಇಲ್ಲವಾಯಿತು. ಕೋಳಿಯ ಲಿವರನ್ನು ಬೆಣ್ಣೆಯಲ್ಲಿ ಬಾಡಿಸಿದರು. ಅಂಜಲ್ ಮೀನಿನ ತುಂಡನ್ನು ಕೆಂಡದ ಮೇಲೆ ಸುಟ್ಟರು. ಮೊಟ್ಟೆ ಕದಡಿ ಹಬೆಯಲ್ಲಿ ಬೇಯಿಸಿದರು. ಬೆಳಿಗ್ಗೆ ಇಟ್ಟದ್ದನ್ನು ಮಧ್ಯಾಹ್ನ ಇಡುತ್ತಿರಲಿಲ್ಲ, ಮಧ್ಯಾಹ್ನದ್ದನ್ನು ಸಂಜೆ ಇಡುತ್ತಿರಲಿಲ್ಲ. ಪ್ರತಿಸಲವೂ ಬಟ್ಟಲಿನ ಎದುರೇ ನಿಂತು, ಮೊಣಕಾಲಿನ ಮೇಲೆ ಕೈ ಊರಿ ಬಗ್ಗಿ, "ಹೇಗುಂಟು? ತಿಂದು ನೋಡು, ಹೇಗುಂಟು?" ಎಂದು ಕೇಳುತ್ತಿದ್ದರು. ಕ್ಲಾರಾ ಒಮ್ಮೆ ಲಿವರಿನ ರಸ ನೆಕ್ಕಿತು. ಅವರು ಸಂಭ್ರಮದಿಂದ "ಎಸ್ತರ್! ಬಾ ಇಲ್ಲಿ!" ಎಂದು ಕೂಗಿದ್ದೇ ತಡ, ಮಂಚದ ಕೆಳಗೆ ಓಡಿತು. ಮರುದಿನ ಅದೇ ಲಿವರನ್ನು ಇಟ್ಟರೆ ಮತ್ತೆ ನೆಲ ಕೆರೆಯಿತು.

ಮಣಿಪಾಲದ ಅಂಗಡಿಗೆ ಹೋಗಿ ಇದ್ದ ರುಚಿಯ ಡಬ್ಬಿಗಳನ್ನೆಲ್ಲ ತಂದರು. ಟ್ಯೂನಾ, ಸಾಲ್ಮನ್, ಕೋಳಿ. ಡೈನಾ ಕೊಟ್ಟ ಪ್ಯಾಕೆಟಿನ ಕಾಳನ್ನೂ ಮತ್ತೆ ಇಟ್ಟು ನೋಡಿದರು. ಒಂದೂ ಆಗಲಿಲ್ಲ. ಮಾರ್ಕೆಟಿನ ಮೀನು ಐಸಿನದ್ದು, ಅದಕ್ಕೇ ಬೆಕ್ಕಿಗೆ ವಾಸನೆ ಹಿಡಿಸುವುದಿಲ್ಲ ಎಂದು ಯಾರೋ ಹೇಳಿದರು. ಅಷ್ಟು ಕೇಳಿದ್ದೇ ಸ್ಕೂಟರ್ ಕಾಪುವಿನ ಕಡೆ ತಿರುಗಿತು. ಅಲ್ಲಿ ರಸ್ತೆ ಬದಿಯಲ್ಲಿ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸು ಇವರ ಕೊರಳಿನ ಶಿಲುಬೆ ನೋಡಿ, ಈ ಕಡೆ ಕ್ರಿಶ್ಚಿಯನ್ನರನ್ನು ಕರೆಯುವಂತೆ, "ಎಂತ ಬೇಕು ಪೊರ್ಬುಗಳೇ?" ಎಂದು ಕೇಳಿದಳು.

"ಬೆಕ್ಕಿಗೆ."

"ಬೆಕ್ಕಿಗಾ? ಹಾಗಾದರೆ ಬೊಳೆಂಜಿರ್ ತೆಗೊಳ್ಳಿ. ಸಣ್ಣ ಮೀನು, ಮೆತ್ತಗೆ. ನಮ್ಮ ಮನೆಯಲ್ಲಿ ಬೆಕ್ಕು ಬುಟ್ಟಿಯಿಂದಲೇ ಕದಿಯುತ್ತದೆ."

ಕ್ಲಾರಾ ಅದನ್ನೂ ಮುಟ್ಟಲಿಲ್ಲ. ಮರುದಿನ ಇನ್ನೂ ಮುಂದೆ ಉಚ್ಚಿಲಕ್ಕೆ ಹೋಗಿ, ಬಲೆಯಿಂದ ಆಗಷ್ಟೇ ಬಿಡಿಸಿದ ಮೀನು ತಂದರು. ಮನೆಗೆ ಬರುವಷ್ಟರಲ್ಲಿ ಬೆನ್ನು ನೋವು, ಕಣ್ಣು ತುಂಬ ಹೆದ್ದಾರಿಯ ಧೂಳು. ಎಸ್ತರ್ ಮೀನನ್ನು ನೋಡಿ, "ಮದುವೆಯಾದಾಗಿನಿಂದ ನನಗೆ ಇಷ್ಟು ಮೀನು ತಂದುಕೊಟ್ಟದ್ದಿಲ್ಲ ನೀವು" ಎಂದಳು. ಅದರಲ್ಲಿ ತಮಾಷೆ ಎಷ್ಟು, ನಿಜ ಎಷ್ಟು ಎಂದು ಅವರಿಗೆ ತಿಳಿಯಲಿಲ್ಲ. ಕ್ಲಾರಾ ಮೂಸಿ ಬಿಟ್ಟ ಆ ದಿನದ ಮೀನನ್ನು ಅವಳೇ ಸಾರು ಮಾಡಿದಳು.

ನೀರು, ಒಂದಿಷ್ಟು ರಸ ನೆಕ್ಕಿಕೊಂಡೇ ಇದ್ದ ಬೆಕ್ಕು ಬಡಕಲಾಗುತ್ತಾ ಬಂತು. ಎತ್ತಿಕೊಂಡರೆ ಬೆನ್ನಿನ ಮೂಳೆಗಳು ಕೈಗೆ ಸಿಗುತ್ತಿದ್ದವು. ಫೋನಿನಲ್ಲಿ ವಿಷಯ ಕೇಳಿದ ಡೈನಾಳ ಧ್ವನಿ ತಟ್ಟನೆ ನರ್ಸಿನ ಧ್ವನಿಯಾಯಿತು.

"ಪಪ್ಪಾ, ಬೆಕ್ಕು ಉಪವಾಸ ಇರಬಾರದು. ಲಿವರ್ ಹಾಳಾಗುತ್ತದೆ. ನೀವು ಮೊದಲೇ ಯಾಕೆ ಹೇಳಲಿಲ್ಲ?"

"ಇವತ್ತು ತಿನ್ನುತ್ತದೆ, ನಾಳೆ ತಿನ್ನುತ್ತದೆ ಅಂತ..."

"ಕಾರ್ಕಳದಲ್ಲಿ ಡಾಕ್ಟರ್ ಅನಂತೇಶ್ ಅಂತ ಇದ್ದಾರೆ, ಬೆಕ್ಕುಗಳನ್ನು ಚೆನ್ನಾಗಿ ನೋಡುತ್ತಾರಂತೆ. ನಾಳೆಯೇ ಹೋಗಿ. ನನಗೆ ರಜೆ ಸಿಗುವುದಿಲ್ಲ."

ಬುಟ್ಟಿ ಹಿಡಿದು ಬ್ಯಾಪ್ಟಿಸ್ಟ್ ಉಡುಪಿಯಲ್ಲಿ ಬಸ್ಸು ಬದಲಾಯಿಸಿದರು. ದಾರಿಯುದ್ದಕ್ಕೂ ಕ್ಲಾರಾ ಕೂಗಿತು. ಪಕ್ಕದಲ್ಲಿ ಕುಳಿತವರು ಎರಡು ಸಲ ತಿರುಗಿ ನೋಡಿ ಬೇರೆ ಸೀಟಿಗೆ ಹೋದರು. ಹಿರಿಯಡಕ ದಾಟುವಾಗ ಕೂಗು ನಿಂತಿತು. ಆಗ ಅವರಿಗೆ ಇನ್ನೂ ಹೆಚ್ಚು ಗಾಬರಿಯಾಯಿತು. ಮುಚ್ಚಳ ಸರಿಸಿ, ಬೆರಳು ಹಾಕಿ, ಹೊಟ್ಟೆ ಏರಿಳಿಯುತ್ತಿದೆಯೇ ಎಂದು ಮುಟ್ಟಿ ನೋಡುತ್ತಲೇ ಕಾರ್ಕಳ ತಲುಪಿದರು.

ಡಾಕ್ಟರ್ ಅನಂತೇಶ್ ಬೆಕ್ಕಿನ ಬಾಯಿ ತೆರೆಸಿ ಹಲ್ಲು ನೋಡಿದರು, ಹೊಟ್ಟೆ ಒತ್ತಿದರು, ರಕ್ತ ತೆಗೆದರು. ರೋಗವೇನೂ ಕಾಣಲಿಲ್ಲ. ನಿತ್ರಾಣವಿತ್ತು. ಚರ್ಮದಡಿಗೆ ನೀರಿನ ಇಂಜೆಕ್ಷನ್ ಕೊಟ್ಟು ಕೇಳಿದರು:

"ಯಾವ ಆಹಾರ ಕೊಡುತ್ತಿದ್ದೀರಿ?"

ಬ್ಯಾಪ್ಟಿಸ್ಟ್ ಹೇಳುತ್ತಾ ಹೋದರು. ಹೇಳುವಾಗ ಅವರಿಗೆ ಸ್ವಲ್ಪ ಹೆಮ್ಮೆಯೂ ಇತ್ತು. ಡಾಕ್ಟರು ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದರು.

"ಮನೆ ಹೊಸತು, ಜನ ಹೊಸಬರು. ಅದರ ಮೇಲೆ ಪ್ರತಿ ಹೊತ್ತಿಗೂ ಬಟ್ಟಲಲ್ಲಿ ಒಂದು ಹೊಸ ವಾಸನೆ. ನೀವು ಪ್ರೀತಿಯಿಂದಲೇ ಮಾಡುತ್ತಿದ್ದೀರಿ, ನನಗೆ ಗೊತ್ತಾಗುತ್ತದೆ. ಆದರೆ ಅದು ಹೆದರಿದೆ. ಬದಲಾಯಿಸುವುದನ್ನು ನಿಲ್ಲಿಸಿ. ಒಂದೇ ಆಹಾರ, ಒಂದೇ ಜಾಗ. ಇಟ್ಟು ದೂರ ಹೋಗಿ. ಅದು ತಾನಾಗಿ ತಿನ್ನುವವರೆಗೆ ಈ ಆಹಾರದ ಪೇಸ್ಟನ್ನು ಸಿರಿಂಜಿನಲ್ಲಿ ಬಾಯಿಯ ಬದಿಯಿಂದ ನಿಧಾನವಾಗಿ ಕೊಡಬೇಕು. ಅವಸರ ಮಾಡಿದರೆ ಶ್ವಾಸಕ್ಕೆ ಹೋಗುತ್ತದೆ."

ನಿಧಾನ ಎಂಬುದೇ ಬ್ಯಾಪ್ಟಿಸ್ಟರಿಗೆ ಒಗ್ಗದ ಕೆಲಸ. ಮೊದಲ ಸಲ ಪೇಸ್ಟ್ ಗೋಡೆಗೆ ಹಾರಿತು, ಮುಂಗೈಯ ಉದ್ದಕ್ಕೆ ಉಗುರಿನ ಗೀರು ಮೂಡಿತು. ಮರುದಿನ ಡ್ಯೂಟಿ ಮುಗಿಸಿ ನೇರವಾಗಿ ಬಂದ ಡೈನಾ ತಂದೆಯನ್ನು ಅಡುಗೆಮನೆಯ ನೆಲದ ಮೇಲೆ ಕೂರಿಸಿದಳು. ಬೆಕ್ಕನ್ನು ಟವೆಲಿನಲ್ಲಿ ಸುತ್ತಿ ಅವರ ತೊಡೆಯ ಮೇಲಿಟ್ಟಳು.

"ಹೀಗೆ ಹಿಡಿಯಿರಿ. ಗಟ್ಟಿಯಾಗಿ ಬೇಡ. ಈಗ ಸ್ವಲ್ಪ ಕೊಡಿ. ನಿಲ್ಲಿ. ನುಂಗಲಿ. ಪಪ್ಪಾ, ನಿಲ್ಲಿ ಅಂದೆ!"

ಅವರು ಸಿರಿಂಜನ್ನು ಹಿಂದಕ್ಕೆಳೆದರು. ಕ್ಲಾರಾ ನುಂಗಿತು. ಇಬ್ಬರೂ ಅದರ ಗಂಟಲನ್ನೇ ನೋಡುತ್ತಾ ಕುಳಿತರು. ಬ್ಯಾಪ್ಟಿಸ್ಟ್ ಗೊಣಗಿದರು:

"ಇಂಥ ಹಟದ ಪ್ರಾಣಿಯನ್ನು ನಾನು ನೋಡಿಯೇ ಇಲ್ಲ ಮಾರಾಯ್ತಿ."

"ನೋಡಿದ್ದೀರಿ" ಎಂದಳು ಡೈನಾ. "ನಾನೂ ಹೀಗೇ ಇದ್ದೆ."

"ನೀನಾ?"

"ನೀವು ರಜೆಯಲ್ಲಿ ಬರುವಾಗ ಮೇಜು ತುಂಬ ಅಡುಗೆ ಮಾಡುತ್ತಿದ್ದಿರಿ. ಬಿರಿಯಾನಿ, ರೋಸ್ಟು, ಹೆಸರೇ ಗೊತ್ತಿಲ್ಲದ್ದೆಲ್ಲ. ನಾನು ತಿನ್ನುತ್ತಿರಲಿಲ್ಲ. ಮಮ್ಮಿ ನನ್ನನ್ನು ಮುದ್ದು ಮಾಡಿ ಹಾಳು ಮಾಡಿದ್ದಾಳೆ ಅಂತ ನೀವು ಜಗಳ ಆಡಿದ್ದಿರಿ. ನೆನಪು ಉಂಟಾ?"

ಅವರಿಗೆ ಜಗಳ ನೆನಪಿತ್ತು. ಮಗಳು ತಿನ್ನದೆ ಬಿಟ್ಟದ್ದು ನೆನಪಿರಲಿಲ್ಲ.

"ರುಚಿ ಇಲ್ಲ ಅಂತ ಅಲ್ಲ ಪಪ್ಪಾ. ನೀವು ಎದುರಿಗೇ ನಿಂತು 'ಹೇಗುಂಟು, ಹೇಗುಂಟು' ಅಂತ ಮುಖ ನೋಡುತ್ತಿದ್ದಿರಿ. ನನಗೆ ಗಂಟಲಿನಲ್ಲಿ ಇಳಿಯುತ್ತಿರಲಿಲ್ಲ. ನೀವು ಮತ್ತೆ ಕುವೈತಿಗೆ ಹೋದ ಮೇಲೆ, ಪಾತ್ರೆಯಲ್ಲಿ ಉಳಿದದ್ದನ್ನು ಮಮ್ಮಿ ಬಿಸಿ ಮಾಡಿ ಕೊಟ್ಟರೆ ತಿನ್ನುತ್ತಿದ್ದೆ."

ಅವಳು ಆಪಾದನೆಯ ಧ್ವನಿಯಲ್ಲಿ ಹೇಳಲಿಲ್ಲ. ಬೆಕ್ಕಿನ ಗಲ್ಲಕ್ಕೆ ಅಂಟಿದ ಪೇಸ್ಟನ್ನು ಹತ್ತಿಯಿಂದ ಒರೆಸುತ್ತಾ ಹೇಳಿದಳು. ಬ್ಯಾಪ್ಟಿಸ್ಟರಿಗೆ ಎದ್ದು ಹೋಗಬೇಕೆನಿಸಿತು. ಗೇಟಿನ ತನಕ, ರಸ್ತೆಯ ತನಕ, ಎಲ್ಲಿಗಾದರೂ ಸರಿ. ಆದರೆ ತೊಡೆಯ ಮೇಲೆ ಬೆಕ್ಕಿತ್ತು, ಸಿರಿಂಜಿನಲ್ಲಿ ಇನ್ನೂ ಅರ್ಧ ಉಳಿದಿತ್ತು.

ಮಗಳು ಹೋದ ಮೇಲೂ ಆ ಮಾತು ಅವರನ್ನು ಬಿಡಲಿಲ್ಲ. ಎಸ್ತರಳ ಬಳಿ ಕೇಳಿದರು: "ಅವಳು ಹೇಳಿದ್ದು ನಿಜವಾ?"

ಎಸ್ತರ್ ಸೂಜಿಗೆ ದಾರ ಪೋಣಿಸುತ್ತಿದ್ದಳು. "ನಿಜ. ನೀವು ಇರುತ್ತಿದ್ದದ್ದೇ ಸ್ವಲ್ಪ ದಿನ. ಅದರಲ್ಲಿ ಇದನ್ನೆಲ್ಲ ಹೇಳಿ ಎಂತ ಮಾಡುವುದು ಅಂತ ನಾನು ಸುಮ್ಮನಿದ್ದೆ."

ಡಾಕ್ಟರು ಹೇಳಿದಂತೆ ಅವರು ಒಂದೇ ಡಬ್ಬಿಯ ಆಹಾರವನ್ನು ಹಿಂದಿನ ಜಾಲರಿಯ ಜಗಲಿಯಲ್ಲಿ, ಒಂದೇ ಮೂಲೆಯಲ್ಲಿ ಇಡತೊಡಗಿದರು. ಇಟ್ಟು ತೋಟಕ್ಕೆ ಹೋಗುವರು, ತೆಂಗಿನ ಮರದ ಹಿಂದಿನಿಂದ ಇಣುಕುವರು, ಮತ್ತೆ ಹೋಗುವರು. ಕ್ಲಾರಾ ಬಂದು ಮೂಸುತ್ತಿತ್ತು. ಈಗ ನೆಲ ಕೆರೆಯುತ್ತಿರಲಿಲ್ಲ. ತಿನ್ನುತ್ತಲೂ ಇರಲಿಲ್ಲ. ಸಿರಿಂಜಿನ ಬಲದಲ್ಲೇ ಜೀವ ಹಿಡಿದಿತ್ತು.

ಹೀಗೆ ಒಳಗೂ ಹೊರಗೂ ಓಡಾಡುವ ಭರದಲ್ಲಿ ಒಂದು ಬೆಳಿಗ್ಗೆ ಅವರು ಹಿಂಬಾಗಿಲನ್ನೂ ತೋಟದ ಗೇಟನ್ನೂ ಹಾಗೆಯೇ ತೆರೆದು ಬಿಟ್ಟರು. ಸಿರಿಂಜು ಹಿಡಿದು ಬಂದಾಗ ಮಂಚದ ಕೆಳಗೆ ಬೆಕ್ಕಿರಲಿಲ್ಲ. ಬೀರುವಿನ ಹಿಂದೆ ಇರಲಿಲ್ಲ, ಅಟ್ಟದಲ್ಲಿ ಇರಲಿಲ್ಲ.

"ಕ್ಲಾರಾ! ಕ್ಲಾರಾ!" ಎಂದು ಕೂಗುತ್ತಾ ಚಪ್ಪಲಿ ಇಲ್ಲದೆ ತೋಟದೊಳಗೆ ಓಡಿದರು. ಎಸ್ತರ್ ರಸ್ತೆಯ ಕಡೆ ಓಡಿದಳು. ರಸ್ತೆಯ ನಾಯಿಗಳು, ಬಸ್ಸುಗಳು, ಹಿಂದೆ ನೀರು. ಅಷ್ಟು ನಿತ್ರಾಣವಾದ ಪ್ರಾಣಿ ಎಲ್ಲಿ ಬಿದ್ದಿರಬಹುದು? ಡೈನಾಳಿಗೆ ಏನೆಂದು ಹೇಳುವುದು? ನೀರಿನ ಅಂಚಿನ ದಂಡೆಯ ಮೇಲೆ ಅವರು ಆ ತುದಿಯಿಂದ ಈ ತುದಿಗೆ ಓಡಿದರು. ಕಾಲಿಗೆ ಚಿಪ್ಪು ತಾಗಿ ರಕ್ತ ಬಂದದ್ದೂ ಗೊತ್ತಾಗಲಿಲ್ಲ.

ದಂಡೆಯ ಕೊನೆಯಲ್ಲಿ ರೊಸಾರಿಯೊನ ಮನೆ. ಸಮುದ್ರದ ಇಳಿತದ ಹೊತ್ತಿಗೆ ಹಿನ್ನೀರಿಗೆ ಇಳಿದು ಕೆಸರಿನಿಂದ ಮರುವಾಯಿ ಚಿಪ್ಪುಗಳನ್ನು ಹೆಕ್ಕಿ ಮಾರುವವನು. ಅವನ ಹೆಂಡತಿ ಬರ್ತಾ ಹಿತ್ತಲಿನಲ್ಲಿ ಗೋಡೆಗೆ ಒರಗಿ ಕುಳಿತು, ಬೇಯಿಸಿದ ಮರುವಾಯಿಯ ಚಿಪ್ಪು ಬಿಡಿಸಿ ಒಳಗಿನ ಮೆತ್ತನೆಯ ಮಾಂಸವನ್ನು ಪಾತ್ರೆಗೆ ಹಾಕುತ್ತಿದ್ದಳು. ಅವಳ ಕಾಲಿನ ಬಳಿ ಒಡೆದ ಹಂಚಿನ ತುಂಡೊಂದು ಬಿದ್ದಿತ್ತು. ಹಂಚಿನ ಮೇಲೆ ಚದುರಿದ ಚೂರುಗಳನ್ನು ಬೂದಿ ಬಣ್ಣದ ಬೆಕ್ಕೊಂದು ತಲೆ ಬಗ್ಗಿಸಿ ತಿನ್ನುತ್ತಿತ್ತು.

ಬ್ಯಾಪ್ಟಿಸ್ಟ್ ಬೇಲಿಯ ಬಳಿ ನಿಂತುಬಿಟ್ಟರು. ಬಾಯಿಯವರೆಗೆ ಬಂದ ಕೂಗನ್ನು ನುಂಗಿದರು. ಒಂದು ಹೆಜ್ಜೆ ಮುಂದಿಟ್ಟರೆ, ಒಣ ಎಲೆಯೊಂದು ಸದ್ದು ಮಾಡಿದರೆ ಎಲ್ಲವೂ ಮುಗಿಯಿತು ಎಂಬ ಹೆದರಿಕೆ. ಬರ್ತಾ ಅವರನ್ನು ನೋಡಿದಳು. ಏನೋ ಕೇಳಲು ಬಾಯಿ ತೆರೆದಳು. ಅವರು ತುಟಿಯ ಮೇಲೆ ಬೆರಳಿಟ್ಟು, ಇನ್ನೊಂದು ಕೈಯಿಂದ ಬೇಡಿಕೊಂಡರು. ಅವಳು ಮತ್ತೆ ತನ್ನ ಕೆಲಸಕ್ಕೆ ತಿರುಗಿದಳು. ಬೆಕ್ಕಿನ ಕಡೆ ನೋಡಲೂ ಇಲ್ಲ. ಚಿಪ್ಪು ಬಿಡಿಸುವಾಗ ಜಾರಿದ ಒಂದೊಂದು ಚೂರು ಹಂಚಿನ ಮೇಲೆ ಬೀಳುತ್ತಿತ್ತು, ಕ್ಲಾರಾ ಅದನ್ನು ಅಗಿಯುವ ಸದ್ದು ಬೇಲಿಯ ತನಕ ಕೇಳುತ್ತಿತ್ತು.

ಬಿಸಿಲು ತಲೆಗೆ ಬಂದರೂ ಅವರು ಕದಲಲಿಲ್ಲ. ಅವರನ್ನು ಹುಡುಕುತ್ತಾ ಬಂದ ಎಸ್ತರ್, ಗಂಡ ಕಂಬದ ಹಾಗೆ ನಿಂತದ್ದನ್ನು ಕಂಡು ಮೊದಲು ಹೆದರಿದಳು. ಹತ್ತಿರ ಬಂದಾಗ ಅವರ ಕಣ್ಣಲ್ಲಿ ನೀರು.

"ತಿನ್ನುತ್ತಾ ಉಂಟು" ಎಂದರು ಪಿಸುಮಾತಿನಲ್ಲಿ.

ಅಂದು ತಿಂದು ಮುಗಿಸಿದ ಬೆಕ್ಕನ್ನು ಎಸ್ತರ್ ಎತ್ತಿಕೊಂಡ ಮೇಲೆ ಬರ್ತಾ ಒಂದು ಬಟ್ಟಲು ಮರುವಾಯಿ ಕೊಟ್ಟಳು, ಕೇಳಿದ್ದಕ್ಕೆ ಆ ಹಂಚಿನ ತುಂಡನ್ನೂ ಕೊಟ್ಟಳು. ಬ್ಯಾಪ್ಟಿಸ್ಟರ ಕೈ ತಡೆಯದೆ ಸಂಜೆ ಮರುವಾಯಿಗೆ ಚೂರು ಬೆಣ್ಣೆ ಹಾಕಲು ಹೋಯಿತು. ಎಸ್ತರ್ ಕೈ ಹಿಡಿದಳು. "ಬರ್ತಾ ಹಾಕಿದ್ದಳಾ?" ಉಪ್ಪಿಲ್ಲದೆ, ಬೆಣ್ಣೆಯಿಲ್ಲದೆ, ಬೇಯಿಸಿದ್ದನ್ನು ಹಾಗೆಯೇ ಹಂಚಿನ ಮೇಲೆ ಹರಡಿದರು. ಅಡುಗೆಯವನಿಗೆ ಅದರಲ್ಲಿ ಮಾಡುವುದಕ್ಕೆ ಏನೂ ಇರಲಿಲ್ಲ. ಬೆಕ್ಕಿಗೆ ಬೆನ್ನು ಹಾಕಿ ಜಗಲಿಯ ಮೆಟ್ಟಿಲ ಮೇಲೆ ಕುಳಿತರು. ಕಾಲು ತಾನಾಗಿ ಕುಣಿಯುತ್ತಿತ್ತು, ಅದನ್ನು ಎರಡೂ ಕೈಗಳಿಂದ ಒತ್ತಿ ಹಿಡಿದರು. ತುಂಬ ಹೊತ್ತಿನ ಮೇಲೆ ಹಿಂದಿನಿಂದ ಅಗಿಯುವ ಸದ್ದು ಬಂತು.

ಡಾಕ್ಟರಿಗೆ ಫೋನ್ ಮಾಡಿದರೆ, "ಒಳ್ಳೆಯದಾಯಿತು. ಆದರೆ ಬರೀ ಮರುವಾಯಿ ಸಾಕಾಗುವುದಿಲ್ಲ, ಅದರ ಜೊತೆ ಡಬ್ಬಿಯ ಆಹಾರವನ್ನು ಚೂರು ಚೂರೇ ಬೆರೆಸುತ್ತಾ ಹೋಗಿ" ಎಂದರು. ಬೆರೆಸುತ್ತಾ ಹೋದರು. ಒಮ್ಮೆ ಹೆಚ್ಚು ಬೆರೆಸಿ ಒಂದು ಹೊತ್ತಿನ ಊಟ ಹಾಳಾಯಿತು. ಮತ್ತೆ ಹಿಂದಕ್ಕೆ ಹೋಗಬೇಕಾಯಿತು. ಸಿರಿಂಜು ಕಪಾಟು ಸೇರಿತು. ಬೆನ್ನಿನ ಮೂಳೆಗಳು ಮೆಲ್ಲಗೆ ಮಾಂಸದೊಳಗೆ ಮುಚ್ಚಿಹೋದವು. ಬ್ಯಾಪ್ಟಿಸ್ಟ್ ಮರುವಾಯಿಗಾಗಿ ದಿನಾ ರೊಸಾರಿಯೊನ ಮನೆಗೆ ಹೋಗುತ್ತಾ, ಒಂದು ದಿನ ಅವನ ಜೊತೆ ತಾವೂ ಲುಂಗಿ ಎತ್ತಿ ಕಟ್ಟಿ ನೀರಿಗೆ ಇಳಿದರು. ಕಾಲ್ಬೆರಳಿನಿಂದ ಕೆಸರು ತಡಕಿ ಚಿಪ್ಪು ಹುಡುಕುವುದು ಅವರಿಗೆ ಹಿಡಿಸಿತು.

"ಅಲುಗಾಡುತ್ತಾ ಇರಬೇಡಿ ಮಾರಾಯ್ರೆ, ನೀರು ಕದಡುತ್ತದೆ" ಎಂದು ರೊಸಾರಿಯೊ ಬೈದರೂ ಮರುದಿನ ಮತ್ತೆ ಹೋದರು.

ಮಳೆಗಾಲ ಬರುವ ಮೊದಲೇ ಡೈನಾಳಿಗೆ ಮಣಿಪಾಲದಲ್ಲಿ ಮನೆ ಸಿಕ್ಕಿತು. ಬೆಕ್ಕಿಗೆ ಅಡ್ಡಿಯಿಲ್ಲ ಎಂದ ಮಾಲೀಕರು. ಅವಳು ಬುಟ್ಟಿ ತಂದ ದಿನ ಬ್ಯಾಪ್ಟಿಸ್ಟ್ ಮರುವಾಯಿಯನ್ನು ಸಣ್ಣ ಡಬ್ಬಿಗಳಲ್ಲಿ ತುಂಬಿ ಕಟ್ಟಿಕೊಟ್ಟರು. ಹಂಚಿನ ತುಂಡನ್ನು ಪೇಪರಿನಲ್ಲಿ ಸುತ್ತಿ ಕೊಟ್ಟರು. ಅವಳು ಮನೆ ತಲುಪುತ್ತಲೇ ಫೋನ್ ಮಾಡಿದರು.

"ತಿಂದಿತಾ?"

"ಪಪ್ಪಾ, ಈಗಷ್ಟೇ ಬಾಗಿಲು ತೆಗೆದೆ."

ಸಂಜೆ ಮತ್ತೆ ಕೇಳಿದರು. ತಿಂದಿರಲಿಲ್ಲ. "ನಾನು ಬರುತ್ತೇನೆ" ಎಂದು ಸ್ಕೂಟರಿನ ಕೀ ಕೈಗೆತ್ತಿಕೊಂಡೂ ಆಗಿತ್ತು.

"ಬೇಡ ಪಪ್ಪಾ. ಅದರಷ್ಟಕ್ಕೆ ಬಿಡುವ."

ಅವರು ಕೀಯನ್ನು ಮೊಳೆಗೆ ತೂಗುಹಾಕಿದರು. ಅಂದು ಅವರು ಅಂಗಳದಲ್ಲಿ ಓಡಾಡಿದ್ದಕ್ಕೆ ಲೆಕ್ಕವಿಲ್ಲ. ಎಸ್ತರ್ ಯಂತ್ರ ನಿಲ್ಲಿಸಿ, ಇಬ್ಬರಿಗಾಗುವಷ್ಟು ಗಂಜಿ ಮಾಡಿ, ತಟ್ಟೆಯನ್ನು ಮೇಜಿನ ಮೇಲೆ ಇಟ್ಟು ಕುರ್ಚಿ ಎಳೆದಳು. ಅವರು ಕುಳಿತರು, ಎದ್ದರು, ಮತ್ತೆ ಕುಳಿತು ಉಂಡರು.

ಮರುದಿನ ಮಧ್ಯಾಹ್ನ ಡೈನಾ ತಾನಾಗಿಯೇ ಫೋನ್ ಮಾಡಿದಳು. "ತಿಂದಿತು. ಪೂರ್ತಿ ತಿಂದಿತು."

ಬ್ಯಾಪ್ಟಿಸ್ಟ್ ಉಸಿರು ಬಿಟ್ಟರು. ಫೋನ್ ಇಡಬೇಕಿತ್ತು, ಇಡಲಿಲ್ಲ.

"ನೀನು ಎಂತ ತಿಂದಿ?"

ಅವಳು ಹೇಳತೊಡಗಿದಳು. ಕ್ಯಾಂಟೀನಿನ ಚಪಾತಿ, ಹೆಸರು ಕಾಳಿನ ಪಲ್ಯ, ಅದಕ್ಕೆ ಉಪ್ಪು ಹೆಚ್ಚಾದದ್ದು, ಜೊತೆಗಿದ್ದ ಹುಡುಗಿ ತನ್ನ ಡಬ್ಬಿಯಿಂದ ಕೊಟ್ಟ ಮೊಸರು. ಪಲ್ಯವನ್ನು ಹೇಗೆ ಮಾಡಬೇಕಿತ್ತು ಎಂದು ಬ್ಯಾಪ್ಟಿಸ್ಟರಿಗೆ ಚೆನ್ನಾಗಿ ಗೊತ್ತಿತ್ತು. ಹೇಳಲಿಲ್ಲ. ಅವಳು ಮುಗಿಸುವವರೆಗೆ ಕೇಳಿದರು.